ಐದು ಕೆಜಿ ಕಲ್ಲು

ಮೇಲಿನ ಲೈನು, ಬಿಟ್ಟಂಗಾಲ
19 ಫೆಬ್ರವರಿ 2026, ಗುರುವಾರ

ಪ್ರೀತಿಯ ಅವ್ವಾ,

ನಿನ್ನ ಮಂಡಿ ನೋವು ಹೇಗಿದೆ? ಇರಿಟ್ಟಿಯ ಆ ಮನೆಯವರು ಇನ್ನೂ ನಿನ್ನ ಕೈಯಲ್ಲೇ ಮಹಡಿಗೆ ನೀರು ಹೊರಿಸುತ್ತಿದ್ದಾರಾ? ರಾತ್ರಿ ಮಲಗುವಾಗ ಎಣ್ಣೆ ಹಚ್ಚಿಕೋ, ನಾಳೆ ಹಚ್ಚಿಕೊಂಡರಾಯಿತು ಅನ್ನಬೇಡ. ಇಲ್ಲಿ ಸಿದ್ದಮ್ಮಜ್ಜಿ ಗಟ್ಟಿಯಾಗಿದ್ದಾಳೆ. ಬಾಯಿಯಂತೂ ಮೊದಲಿಗಿಂತ ಗಟ್ಟಿ. ಫೋನಿನಲ್ಲಿ ಮಾತಾಡೋಣವೆಂದರೆ ಆ ಮನೆಯವರು ನಿನ್ನ ಪಕ್ಕದಲ್ಲೇ ನಿಂತಿರುತ್ತಾರೆ. ಅದಕ್ಕೇ ಈ ಪತ್ರ. ನಿಧಾನಕ್ಕೆ ಅಕ್ಷರ ಕೂಡಿಸಿ ಓದು.

ಮೊದಲು ಈ ತೋಟದವರು, ಪಂಚಾಯಿತಿಯವರು ಏನೇನು ಕೊಡುತ್ತೇವೆ ಅಂದರು, ಏನೇನು ಕೊಡಲಿಲ್ಲ ಅನ್ನುವುದನ್ನು ಹೇಳಿಬಿಡುತ್ತೇನೆ. ಮನೆ ಕಟ್ಟಿಕೊಳ್ಳಲು ನಿವೇಶನ ಅಂದರು, ಕೊಡಲಿಲ್ಲ. ನಾವಿರುವ ಕೂಲಿ ಲೈನಿನ ಮನೆಗಳಿಗೆ ಹೊಸ ಹೆಂಚು ಅಂದರು, ಹೊದಿಸಲಿಲ್ಲ. ಹೆಂಗಸರಿಗೆ ಬೇರೆ ಶೌಚಾಲಯ ಅಂದರು, ಗುಂಡಿ ತೋಡಿ ಹೋದವರು ತಿರುಗಿ ನೋಡಲಿಲ್ಲ. ಒಂದು ಸೀಸನ್ ಕಳೆಯಲಿ, ನಿನ್ನನ್ನು ಮತ್ತೆ ಕೆಲಸಕ್ಕೆ ಕರೆಯುತ್ತೇವೆ ಅಂದರು, ಕರೆಯಲಿಲ್ಲ. ಫಾರೆಸ್ಟ್ ಗಾರ್ಡ್ ಕೆಲಸದ ಪರೀಕ್ಷೆಗೆ ಅಭ್ಯಾಸ ಮಾಡಲು ಎಸೆಯುವ ಗುಂಡು ಕೊಡಿಸುತ್ತೇನೆ ಅಂದ ಪಂಚಾಯಿತಿ ಮೆಂಬರು ಆಮೇಲೆ ನನ್ನ ಫೋನೇ ಎತ್ತಲಿಲ್ಲ. ಈಗ ನನ್ನ ತಲೆ ಕೆಟ್ಟು ಕೂತಿರುವುದು ಈ ಕೊನೆಯದ್ದರಿಂದ.

ಓಡುವುದಕ್ಕೆ ಯಾರ ದಯೆಯೂ ಬೇಕಿರಲಿಲ್ಲ. ಬೆಳಿಗ್ಗೆ ಆನೆ ಇದೆಯೆಂದು ಜೀಪಿನಲ್ಲಿ ಕೂಗಿಕೊಂಡು ಹೋದರೆ ಸಂಜೆ ಓಡುತ್ತಿದ್ದೆ. ಆದರೆ ಎಸೆಯಲು ಗುಂಡು ಬೇಕಲ್ಲ? ತೋಟದ ಅಂಚಿನಲ್ಲಿ ಮರಕ್ಕೆ ತಕ್ಕಡಿ ನೇತುಹಾಕಿ ನಾವು ಕುಯ್ದ ಕಾಫಿ ಹಣ್ಣಿನ ಚೀಲ ತೂಗುತ್ತಾರಲ್ಲ, ಆ ಐದು ಕೆಜಿಯ ಕಬ್ಬಿಣದ ಕಲ್ಲುಗಳಲ್ಲಿ ಒಂದನ್ನು ತೂಕ ಮುಗಿದ ಮೇಲೆ ಎತ್ತಿಕೊಂಡು ಬರತೊಡಗಿದೆ. ತೂಕದ ಶೆಡ್ಡಿಗೆ ಬಾಗಿಲೇ ಇಲ್ಲ. ಲೈನಿನ ಹಿಂದೆ, ನೀರಿನ ತೊಟ್ಟಿಯ ಪಕ್ಕ ಕತ್ತಲಾಗುವವರೆಗೆ ಎಸೆದು ಮತ್ತೆ ಅಲ್ಲೇ ಇಟ್ಟು ಬರುತ್ತಿದ್ದೆ. ಪರೀಕ್ಷೆಯ ಗುಂಡು ನಾಲ್ಕು ಕೆಜಿ, ಐದು ಎಸೆದವಳಿಗೆ ನಾಲ್ಕು ಯಾವ ಲೆಕ್ಕ ಅಂತ ಧೈರ್ಯ. ಜ್ವರ ಬಂದಾಗಲೂ ಬಿಡಲಿಲ್ಲ. ಪಿಕ್ಕಿಂಗ್ ಮುಗಿಸಿ ಬೆನ್ನು ನೆಟ್ಟಗಾಗದ ದಿನವೂ ಬಿಡಲಿಲ್ಲ. ನಮ್ಮ ಕೂಲಿಯವರ ಸಂಘದ ಸಂಜೆ ಶಾಲೆಯಲ್ಲಿ ನೀನು ಸ್ಲೇಟು ಹಿಡಿದು ಕೂತು ಹೇಳುತ್ತಿದ್ದೆಯಲ್ಲ, "ದಿನಾ ಕೈ ಆಡಿಸ್ತಾ ಇದ್ರೆ ಕಬ್ಬಿಣಾನೂ ಹೇಳಿದ ಮಾತು ಕೇಳ್ತದೆ ಕಣೇ" ಅಂತ. ಕೇಳಿತು ಅವ್ವಾ. ಮೊದಮೊದಲು ಕಾಲ ಬುಡಕ್ಕೇ ಬೀಳುತ್ತಿದ್ದದ್ದು ಬರಬರುತ್ತಾ ಸೀಬೆ ಗಿಡ ದಾಟಿತು. ಅದು ಬಿದ್ದು ಆದ ಗುಂಡಿಗಳಲ್ಲಿ ಈಗ ಕೋಳಿಗಳು ಮಣ್ಣಿನ ಸ್ನಾನ ಮಾಡುತ್ತವೆ. ಅಜ್ಜಿಯ ಕುಹಕ ಬೇರೆ: "ಕಲ್ಲೆಸೆದ್ರೆ ಗೌರ್ಮೆಂಟ್ ಕೆಲ್ಸ ಸಿಗೋದಾಗಿದ್ರೆ, ನಿಮ್ ಸಂಘದೋರೆಲ್ಲ ಇಷ್ಟೊತ್ತಿಗೆ ಡೀಸಿ ಆಗಿರ್ಬೇಕಿತ್ತು."

ಸಂಘದ ವೀಣಕ್ಕನಿಗೂ ನನ್ನ ಈ ಅಭ್ಯಾಸ ಹಿಡಿಸಿರಲಿಲ್ಲ. ನೀನೊಬ್ಬಳು ಯೂನಿಫಾರ್ಮ್ ಹಾಕಿಕೊಂಡರೆ ಲೈನಿಗೆ ಹೆಂಚು ಬರುತ್ತದಾ ಅಂತ ಎಲ್ಲರೆದುರು ಕೇಳಿದಳು. ನನಗೆ ಸಿಟ್ಟು ಬಂತು. ನಮ್ಮಂಥವರು ಘೋಷಣೆ ಕೂಗುವುದಕ್ಕೆ ಮಾತ್ರ ಹುಟ್ಟಿದವರಾ? ಒಬ್ಬಳು ಮೇಲೆದ್ದರೂ ಅದು ಹೋರಾಟವೇ ಅಂದೆ. ಅಂದದ್ದು ಗಟ್ಟಿಯಾಗಿ, ಒಳಗೆ ಅಷ್ಟು ಗಟ್ಟಿ ಇರಲಿಲ್ಲ. ಈಗಂತೂ ಇಲ್ಲವೇ ಇಲ್ಲ.

ಹೋದ ವಾರ ವಿರಾಜಪೇಟೆ ಸಂತೆಗೆ ಹೋಗಿದ್ದೆ. ಕುಶಾಲನಗರದ ಕಡೆಯಿಂದ ಈರುಳ್ಳಿ ತರುವ ಕೆಂಪಣ್ಣ ನಿನಗೂ ಗೊತ್ತು, ಕಿವಿಗೆ ಬೀಡಿ ಸಿಕ್ಕಿಸಿಕೊಂಡಿರುತ್ತಾನೆ. ಅವನ ಗೋಣಿತಾಟಿನ ಮೇಲಿದ್ದ ಐದು ಕೆಜಿ ಕಲ್ಲನ್ನು ಪಕ್ಕಕ್ಕೆ ಸರಿಸೋಣವೆಂದು ಎತ್ತಿದರೆ ಕೈ ಹಾಗೇ ಮೇಲಕ್ಕೆ ಹೋಯಿತು, ಅಷ್ಟು ಹಗುರ. ನನಗೆ ಎಲ್ಲಿತ್ತೋ ಕೋಪ. ಬಡವರ ಹೊಟ್ಟೆಗೆ ಹೊಡೆಯುವ ಕಳ್ಳ ಕಲ್ಲು ಇಟ್ಟುಕೊಂಡಿದ್ದೀಯಾ ಅಂತ ನಡು ಸಂತೆಯಲ್ಲಿ ಜಗಳಕ್ಕೆ ನಿಂತೆ. ಜನ ಸೇರಿದರು. ಅವನು ತನ್ನ ಕಲ್ಲನ್ನು ತಕ್ಕಡಿಗೆ ಹಾಕಿದ. ಪಕ್ಕದ ಆಲೂಗೆಡ್ಡೆಯವನ ಕಲ್ಲು ತರಿಸಿ ಎದುರು ತಟ್ಟೆಗೆ ಇಟ್ಟ, ಮುಳ್ಳು ಅಲ್ಲಾಡಲಿಲ್ಲ. ಬೆಲ್ಲದವನ ಕಲ್ಲು ತರಿಸಿದ, ಆಗಲೂ ಇಲ್ಲ. "ಇಡೀ ಸಂತೆನೇ ಕಳ್ಳಸಂತೆ ಅಂತೀಯೇನವ್ವಾ? ನಿನ್ ಕೈಗೆ ಐದು ಕೆಜಿ ಅಂತ ಹೇಳಿಕೊಟ್ಟೋರು ಯಾರು, ಅವ್ರನ್ನ ಹೋಗಿ ಕೇಳು" ಅಂದ. ಜನ ನಕ್ಕರು. ನಾನು ಈರುಳ್ಳಿಯನ್ನೂ ಕೊಳ್ಳದೆ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ಲೈನಿನಲ್ಲಿ ಹುಟ್ಟಿದ ನಮ್ಮೆಲ್ಲರಿಗೂ ಐದು ಕೆಜಿ ಅಂದರೆ ಅಷ್ಟೇ ಭಾರ. ಬೇರೆ ಕಲ್ಲು ಎತ್ತಿ ನೋಡಿದವರಾದರೂ ಯಾರು? ಅವತ್ತು ಸಂಜೆ ತೋಟದ ಕಲ್ಲನ್ನು ತಿರುಗಿಸಿ ನೋಡಿದೆ. ತಳಕ್ಕೆ ದಪ್ಪನೆಯ ತಗಡು ಬೆಸೆದು ಕಪ್ಪು ಬಣ್ಣ ಬಳಿದಿದ್ದಾರೆ. ಎಲ್ಲ ಕಲ್ಲಿಗೂ ಹಾಗೆಯೇ ಇದೆ. ದಿನಾ ಕೈಯಲ್ಲಿ ಹಿಡಿದವಳು ನಾನು, ಕಲ್ಲಿನ ತಳ ಇರುವುದೇ ಹೀಗೆ ಅಂದುಕೊಂಡಿದ್ದೆ. ನಿನ್ನೆ ಅದನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ಕೆಂಪಣ್ಣನ ಮುಂದೆ ನಿಂತೆ. ಅವನ ಕಲ್ಲು ಒಂದು ತಟ್ಟೆಗೆ, ನಮ್ಮದು ಇನ್ನೊಂದಕ್ಕೆ. ನಮ್ಮ ತಟ್ಟೆ ದಡ್ಡನೆ ನೆಲಕ್ಕೆ ಕೂತಿತು. ಈ ಸಲ ಯಾರೂ ನಗಲಿಲ್ಲ.

ಅವ್ವಾ, ಈ ಮಾತನ್ನು ಎರಡು ಸಲ ಓದು. ನಿನ್ನ ಕೈ ನಿಧಾನ ಇರಲಿಲ್ಲ.

ತೋಟದ ಲೆಕ್ಕ ಬರೆಯುವ ರೈಟರ್ ಶಶಿಕುಮಾರ್ ದಿನಾ ಸಂಜೆ ತೂಕ ಮುಗಿಸಿ ಕಮ್ಮಿ ಕುಯ್ದವರ ಹೆಸರು ಕೂಗುತ್ತಿದ್ದನಲ್ಲ, ಹೆಸರು ಬಂದವರು ಎಲ್ಲರೆದುರು ಕಣ ಗುಡಿಸಿ ಹೋಗಬೇಕಿತ್ತಲ್ಲ. ಕಲ್ಲು ಭಾರವಾದಷ್ಟೂ ನಮ್ಮ ಹಣ್ಣು ಕಮ್ಮಿ ತೂಗುತ್ತಿತ್ತು, ನಿನ್ನದು ಪ್ರತಿ ಸಲವೂ ಸ್ವಲ್ಪದರಲ್ಲೇ ಕಮ್ಮಿ ಬಿದ್ದು ಪೊರಕೆ ಕೈಗೆ ಬರುತ್ತಿತ್ತು. ನೀನು ಊಟದ ಹೊತ್ತು ಬಿಟ್ಟು ಕುಯ್ದೆ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ ಅಂತ ನೀರು ಬಿಟ್ಟೆ. ಆಮೇಲೆ ನಿನಗೇ ನಂಬಿಕೆ ಬಂದುಬಿಟ್ಟಿತು, ನನ್ನ ಕೈಯೇ ಸರಿಯಿಲ್ಲ ಅಂತ. "ಕಳ್ಳಬೆನ್ನಿನೋಳು" ಅಂತ ಅವನು ಅಂದ ದಿನ ತಲೆ ತಗ್ಗಿಸಿ ಬಂದವಳು ಮಾಕುಟ್ಟದ ಗಡಿ ದಾಟಿ ಇರಿಟ್ಟಿಗೆ ಹೋದೆ. ಕಳ್ಳ ಇದ್ದದ್ದು ನಿನ್ನ ಬೆನ್ನಿನಲ್ಲಲ್ಲ, ಅವರ ತಟ್ಟೆಯಲ್ಲಿ.

ಈಗ ನನ್ನ ಗೊಂದಲ ಕೇಳು. ಕಲ್ಲು ನನ್ನ ಮಂಚದ ಕೆಳಗಿದೆ. ಒಂದು ಕಾಣುತ್ತಿಲ್ಲ ಅಂತ ರೈಟರ್ ಇವತ್ತು ಇಡೀ ಲೈನು ಸುತ್ತಿದ. ಇನ್ನೆರಡು ದಿನದಲ್ಲಿ ವಾಪಸ್ ಬಂದರೆ ಸರಿ, ಇಲ್ಲವಾದರೆ ಯಾರ ಕೈಯಲ್ಲಿ ಸಿಗುತ್ತದೋ ಅವರ ಮೇಲೆ ಕಳ್ಳತನದ ಕಂಪ್ಲೇಂಟು ಅಂದಿದ್ದಾನೆ. ನನಗೆ ಲಿಖಿತ ಪರೀಕ್ಷೆ ಮುಗಿದು ಮೈದಾನದ ಪರೀಕ್ಷೆಗೆ ಕರೆ ಬಂದಿದೆ. ಕೇಸು ಬಿದ್ದವಳಿಗೆ ಯೂನಿಫಾರ್ಮ್ ಕೊಡುತ್ತಾರಾ? ಅಜ್ಜಿಯ ಮಾತು ನೇರ: ಸುಮ್ಮನೆ ತೆಗೆದುಕೊಂಡು ಹೋಗಿ ಶೆಡ್ಡಿನಲ್ಲಿ ಇಟ್ಟು ಬಾ, ಮೊದಲು ಕೆಲಸ ಹಿಡಿ, ಆಮೇಲೆ ಬೂಟು ಹಾಕಿಕೊಂಡು ಬಂದು ಕೇಳು. ವೀಣಕ್ಕನದ್ದೂ ನೇರವೇ: ಇಟ್ಟ ಮಾರನೇ ದಿನ ಆ ತಗಡು ಇರುವುದಿಲ್ಲ, ಸಾಕ್ಷಿ ಭಾನುವಾರದ ಸಂಘದ ಸಭೆಗೆ ಬರಲಿ. ಅಜ್ಜಿ ಮಾತಾಡುವಾಗ ಅಜ್ಜಿ ಸರಿ ಅನಿಸುತ್ತದೆ, ವೀಣಕ್ಕ ಮಾತಾಡುವಾಗ ವೀಣಕ್ಕ. ಇಷ್ಟು ದಿನ ಬೆವರು ಸುರಿಸಿ ಅಭ್ಯಾಸ ಮಾಡಿದ್ದು ಗುಂಡು ಎಸೆಯುವುದಕ್ಕಾ, ಇಲ್ಲ ಈ ಮೋಸ ಹಿಡಿಯುವುದಕ್ಕಾ? ಗುರಿ ಬಿಡಬಾರದು ಅಂತ ಹೇಳಿಕೊಟ್ಟವಳು ನೀನು. ಎರಡು ಗುರಿ ಎದುರಾದರೆ ಯಾವುದನ್ನು ಬಿಡಬೇಕು ಅಂತ ಹೇಳಿಕೊಡಲಿಲ್ಲ. ಇನ್ನೊಂದು ಹೇಳಿದರೆ ನಗುತ್ತೀಯ. ಅವರ ಸುಳ್ಳು ಭಾರ ಹೊತ್ತೇ ನನ್ನ ತೋಳು ಇಷ್ಟು ಗಟ್ಟಿಯಾಗಿದೆ. ಸಂತೆಯ ಸಾಚಾ ಕಲ್ಲು ಈಗ ನನಗೆ ಹೂವು. ಇದಕ್ಕೆ ಯಾರಿಗೆ ಕೈ ಮುಗಿಯಲಿ, ಯಾರನ್ನು ಬೈಯಲಿ? ಇವತ್ತೂ ತಲೆ ತುಂಬ ಇದೇ ಇತ್ತು. ಆದರೂ ಸಂಜೆಯಾಗುತ್ತಲೇ ಕಾಲು ತಾನಾಗಿ ತೊಟ್ಟಿಯ ಕಡೆ ಹೋಯಿತು. ಕಲ್ಲು ಹೊರಗೆ ತರುವಂತಿಲ್ಲ, ಬರಿಗೈ ಬೀಸಿ ಬಂದೆ.

ಅಜ್ಜಿಯ ಆಶೀರ್ವಾದ ನಿನಗೆ. ನನ್ನ ನಮಸ್ಕಾರ ನಿನ್ನ ನೋಯುವ ಮಂಡಿಗೆ, ನಿಧಾನವಲ್ಲದ ನಿನ್ನ ಕೈಗೆ.

ನಿನ್ನ ಮಗಳು
ರಂಜಿತಾ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಅಜ್ಜಿಯ ಮಾತಿನಂತೆ ಕಲ್ಲು ಇಟ್ಟುಬಿಡೋಣವೆಂದು ಶೆಡ್ಡಿನ ತನಕ ಹೋದೆ. ಅಲ್ಲಿ ಕಣದಲ್ಲಿ ಇವತ್ತು ಹೆಸರು ಬಂದ ಕುಸುಮಾ ಕತ್ತಲಾದರೂ ತಲೆ ತಗ್ಗಿಸಿ ಕಸ ಗುಡಿಸುತ್ತಿದ್ದಳು, ಥೇಟು ನಿನ್ನ ಹಾಗೆ. ವಾಪಸ್ ತಂದೆ. ಕೇಸು ಹಾಕಿದರೆ ಹಾಕಲಿ, ಮೈದಾನಕ್ಕೂ ಹೋಗುತ್ತೇನೆ, ಬೇಡ ಅನ್ನುವುದಾದರೆ ಅವರೇ ಅನ್ನಲಿ. ಸಾಕ್ಷಿಗೆ ಕೆಂಪಣ್ಣ ತನ್ನ ತಕ್ಕಡಿ ಹೊತ್ತು ಬರುತ್ತಾನೆ. ಆದರೆ ನಮ್ಮ ಕಲ್ಲನ್ನು ತಟ್ಟೆಗೆ ಇಡುವ ಕೈ ನಿನ್ನದಾಗಬೇಕು. ಮಾಕುಟ್ಟದ ಮೇಲೆ ಬರುವ ಮೊದಲ ಬಸ್ಸು ಹಿಡಿ, ಈ ಪತ್ರ ತಂದುಕೊಟ್ಟ ಕಂಡಕ್ಟರ್ ಸೀಟು ಇಟ್ಟಿರುತ್ತಾನೆ. ಸಭೆ ಬಿಟ್ಟಂಗಾಲ ಬಸ್ ಸ್ಟ್ಯಾಂಡಿನ ಎದುರು, ಭಾನುವಾರ, ಫೆಬ್ರವರಿ ಇಪ್ಪತ್ತೆರಡು, ಬೆಳಿಗ್ಗೆ ಹತ್ತು ಗಂಟೆಗೆ.