ಬೆಂಚುಗಳಿಗೆ ಚಳಿಯಾದೀತೆಂದು ಗೋದಾಮು ಸೇರಿಸಿದವರಿಗೆ

ಕಡಲ ದಂಡೆಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ದಂಡೆ ರಸ್ತೆಯ ಮೂವತ್ತೆರಡು ಬೆಂಚುಗಳನ್ನು ಬಿಚ್ಚಿಸಿ ಗೋದಾಮಿಗೆ ಹಾಕಿಸಿದ್ದೀರಿ. ಅವನ್ನು ವಾಪಸ್ ಹಾಕಿಸಿ. ವಿಷಯ ಇಷ್ಟೇ. ಉಳಿದದ್ದು ನನ್ನ ಹೊಟ್ಟೆಯುರಿ, ಪುರುಸೊತ್ತಿದ್ದರೆ ಓದಿ. ಚಳಿಗಾಲದಲ್ಲಿ ತಮಗೆ ಪುರುಸೊತ್ತಿಗೇನು ಬರ?

ಗೋಡೆಗೆ ಅಂಟಿಸಿದ ತಮ್ಮ ಪ್ರಕಟಣೆ ಓದಿದೆ. "ಜನಸಂಚಾರವಿಲ್ಲದ ಅವಧಿಯಲ್ಲಿ ಆಸನಗಳ ಬಣ್ಣ ಹಾಳಾಗುವುದನ್ನು ತಪ್ಪಿಸಲು" ಈ ಕ್ರಮವಂತೆ. ಅಲ್ಲ ಸ್ವಾಮಿ, ಜನಸಂಚಾರವಿಲ್ಲ ಅಂದರೆ ನಾವೆಲ್ಲ ಏನು? ಪ್ರವಾಸಿಗರು ಹೋದ ಮೇಲೆ ಐಸ್‌ಕ್ರೀಂ ಅಂಗಡಿಗಳು ಬಾಗಿಲು ಹಾಕುತ್ತವೆ, ಹೋಟೆಲಿನ ಕಿಟಕಿಗಳಿಗೆ ಹಲಗೆ ಬೀಳುತ್ತದೆ, ಗಾಳಿಗೆ ಬಂದ ಮರಳು ಬಸ್ ನಿಲ್ದಾಣದ ಮೆಟ್ಟಿಲು ಮುಚ್ಚುತ್ತದೆ. ಒಪ್ಪಿದೆ. ಆದರೆ ಆ ಮರಳು ಗುಡಿಸುವವಳು ಇಲ್ಲೇ ಇರುತ್ತಾಳೆ. ಕ್ಷೌರದವನು ಇರುತ್ತಾನೆ, ಗಿರಾಕಿಗಳಿಲ್ಲದೆ ತನ್ನ ಮೀಸೆಯನ್ನೇ ವಾರಕ್ಕೊಂದು ಆಕಾರಕ್ಕೆ ತರುತ್ತಿರುತ್ತಾನೆ. ಹರಿದ ಕಡಲ ಛತ್ರಿಗಳನ್ನು ಹೊಲಿಯುವ ನಾನಿರುತ್ತೇನೆ, ನಮ್ಮತ್ತೆ ಇರುತ್ತಾರೆ. ನಮಗೂ ಮೊಣಕಾಲಿದೆ, ಕೂರಲು ಬರುತ್ತದೆ.

ಬೇಸಿಗೆಯ ಕೊನೆಗೆ ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಎರಡೂ ಬಿದ್ದುಹೋದವು. "ದಿನಾ ನಡೀಬೇಕು, ನಡೆದ್ರೆ ಮಾತ್ರ ಕಾಲು ವಾಪಸ್ ಬರುತ್ತೆ" ಅಂದರು ಡಾಕ್ಟರು. ನಮ್ಮ ಓಣಿಯೆಲ್ಲ ಏರು. ಸಮತಟ್ಟು ಅಂತ ಇರುವುದು ದಂಡೆ ರಸ್ತೆಯೊಂದೇ. ಮೊದಲ ದಿನ ಒಂದು ಬೆಂಚಿನವರೆಗೆ ಹೋದರು. ಎರಡನೆಯದು ಮುಟ್ಟಲು ಹತ್ತು ದಿನ ಬೇಕಾಯಿತು. ಕೂತು, ಉಸಿರು ತಗೊಂಡು, ಸಮುದ್ರಕ್ಕೂ ನನಗೂ ಒಟ್ಟಿಗೇ ಬೈದು, ಮತ್ತೆ ಎದ್ದು ಹೊರಡುತ್ತಿದ್ದರು. ಏಳನೆಯದನ್ನು ಮುಟ್ಟಿದ ದಿನ, "ಏನೇ, ಅಳ್ತಿದೀಯಾ? ನಾನು ನಡೆದ್ರೆ ನಿಂಗ್ಯಾಕೆ ಕಾಲು ನೋವು?" ಅಂದರು. ಅಳುತ್ತಿದ್ದೆ, ನಿಜ.

ಎಂಟನೆಯದಕ್ಕೆಂದು ಹೊರಟ ಬೆಳಿಗ್ಗೆ ನೋಡಿದರೆ, ಬೆಂಚುಗಳಿದ್ದಲ್ಲಿ ಸಿಮೆಂಟಿನ ಮೇಲೆ ಬರೀ ತೂತುಗಳು. ಅತ್ತೆಯ ಕಾಲು ನಡುಗತೊಡಗಿತು. ಮುಚ್ಚಿದ ಐಸ್‌ಕ್ರೀಂ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿದೆ. ಅದು ತೀರಾ ತಗ್ಗು. ಏಳಿಸಲು ಕ್ಷೌರದವನನ್ನು ಕೂಗಬೇಕಾಯಿತು. ಪರಗಂಡಸು ಕಂಕುಳಿಗೆ ಕೈ ಹಾಕಿ ಎತ್ತಿದ್ದನ್ನು ಅವರಿಗೆ ಸಹಿಸಲಾಗಲಿಲ್ಲ. "ಇನ್ನು ನಾನು ಬರೋಲ್ಲ, ಬಿಟ್ಬಿಡು" ಅಂದರು. ಇವತ್ತಿಗೆ ಹನ್ನೊಂದು ದಿನ. ಇನ್ನೊಂದು ತಿಂಗಳು ಹೀಗೇ ಮನೆಯಲ್ಲಿ ಕೂತರೆ, ಬಂದ ಕಾಲು ಮತ್ತೆ ಹೋಗುತ್ತದೆ ಎಂದಿದ್ದಾರೆ ಡಾಕ್ಟರು.

ಇದರಲ್ಲಿ ನನ್ನ ಪಾಲಿನ ಪಾಪವೂ ಉಂಟು. ಹೋದ ತಿಂಗಳು ತಮ್ಮ ಗುಮಾಸ್ತರು ಬಂದು, "ಮೂವತ್ತೆರಡು ಹೊದಿಕೆ ಬೇಕು, ಒಳಗೆ ಮೆತ್ತನೆ ಬಟ್ಟೆ ಕೊಟ್ಟು ಹೊಲೀರಿ" ಅಂದರು. ದೋಣಿಗಳಿಗಿರಬೇಕು ಅಂದುಕೊಂಡು ಜೋಡಿ ಹೊಲಿಗೆ ಹಾಕಿದೆ. ಅತ್ತೆ ಪಕ್ಕದಲ್ಲಿ ಕೂತು ಒಂದೇ ಕೈಯಲ್ಲಿ ಲಾಡಿ ಪೋಣಿಸಿಕೊಟ್ಟರು. ಮೊನ್ನೆ ಗೋದಾಮಿನ ಕಿಟಕಿಯಲ್ಲಿ ಇಣುಕಿದರೆ, ಆ ಹೊದಿಕೆಗಳನ್ನು ಹೊದ್ದು ತಮ್ಮ ಬೆಂಚುಗಳು ಬೆಚ್ಚಗೆ ಮಲಗಿವೆ. ಕಬ್ಬಿಣಕ್ಕೆ ಚಳಿಯಾದೀತೆಂದು ಮರುಗುವ ಕರುಳು ತಮ್ಮದು! ಮೈ ಉರಿದುಹೋಯಿತು. ನೇರ ತಮ್ಮ ಕಚೇರಿಗೆ ಬಂದೆ. "ಬೇಸಿಗೇಲಿ ಪರಿಶೀಲಿಸ್ತೀವಮ್ಮ" ಅಂದಿರಿ, ಫೈಲಿನಿಂದ ತಲೆಯೆತ್ತದೆ. ಬೇಸಿಗೆಯಲ್ಲಿ ಯಾರ ಕಾಲನ್ನು ಪರಿಶೀಲಿಸುತ್ತೀರಿ?

ಬಣ್ಣದ ಚಿಂತೆ ಅಷ್ಟು ಕಾಡಿದರೆ ಮೂವತ್ತೆರಡೂ ಬೇಡ, ಮೊದಲ ಎಂಟನ್ನಾದರೂ ಸೋಮವಾರದೊಳಗೆ ಹಾಕಿಸಿ. ಇಲ್ಲವೋ, ನಮ್ಮ ಓಣಿಯ ತುದಿಯಿಂದ ತಮ್ಮ ಕಚೇರಿಗೆ ಸರಿಯಾಗಿ ಒಂದು ಬೆಂಚಿನಿಂದ ಇನ್ನೊಂದಕ್ಕಿದ್ದಷ್ಟೇ ದೂರ; ಹೆಜ್ಜೆ ಹಾಕಿ ಅಳೆದಿದ್ದೇನೆ. ಮಂಗಳವಾರದಿಂದ ದಿನಾ ಹತ್ತೂವರೆಗೆ ಅತ್ತೆಯನ್ನು ಅಲ್ಲಿಗೆ ನಡೆಸಿಕೊಂಡು ಬರುತ್ತೇನೆ. ಅತ್ತೆಗೆ ಈ ಮಾತು ಹೇಳಿದ್ದೇ ತಡ, ಹನ್ನೊಂದು ದಿನದಲ್ಲಿ ಮೊದಲ ಸಲ ಅವರು ಕೋಲು ಎಲ್ಲಿದೆ ಅಂತ ಕೇಳಿದರು.

"ಅವನ ಕುರ್ಚಿ ಎತ್ತರ ಇದೆಯೇನೇ? ಹಿಡ್ಕೊಂಡು ಏಳೋಕೆ ತೋಳಿದೆಯಾ?" ಅಂದರು.

ಎರಡೂ ಇದೆ ಎಂದಿದ್ದೇನೆ. ನಾವು ಬರುವ ಹೊತ್ತಿಗೆ ತಾವು ಎದ್ದಿರಬೇಕು.

ಇಂತಿ,
ಆ ಹೊದಿಕೆಗಳನ್ನು ಹೊಲಿದುಕೊಟ್ಟ ಪೆದ್ದಿ