ಯಾವ ಕಣ್ಣು ಮುಚ್ಚುತ್ತಾರೋ

ಅಪ್ಪಾ, ನಿನ್ನ ನೀಲಾ ಮಾಡುವ ಶರಣು.

ಇತ್ತ ಎಲ್ಲರೂ ಕ್ಷೇಮ ಎಂದು ಶುರು ಮಾಡಬೇಕು, ಗೊತ್ತು. ಆದರೆ ಕ್ಷೇಮವೋ ಅಲ್ಲವೋ ಎಂಬುದು ನನ್ನ ಎದುರಿಗಿರುವ ಹಸಿರು ಬಾಗಿಲು ತೆರೆದ ಮೇಲೆಯೇ ತಿಳಿಯುವುದು. ಚಿತ್ತಾಪುರದ ದವಾಖಾನೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನ ಅಳಿಯ ಒಳಗೆ ಡಾಕ್ಟರರ ಮುಂದೆ ಇದ್ದಾರೆ. ಬರುವ ಭಾನುವಾರ ಶಹಾಬಾದಿನಲ್ಲಿ ಅವರ ಬಾಕ್ಸಿಂಗ್ ಇದೆ. ಮೊದಲಿನ ಹಾಗಲ್ಲ, ಈಗ ಡಾಕ್ಟರರು ತಪಾಸಣೆ ಮಾಡಿ ಚೀಟಿ ಕೊಟ್ಟರೆ ಮಾತ್ರ ರಿಂಗು ಹತ್ತಲು ಬಿಡುತ್ತಾರೆ. ನನ್ನ ಮಡಿಲಲ್ಲಿ ಹಂಚಬೇಕಾದ ಜಾಹೀರಾತಿನ ಕಾಗದಗಳ ಕಟ್ಟು ಇದೆ. ಒಂದು ಬದಿಗೆ ಅವರ ಹೆಸರು ಉರ್ದುವಿನಲ್ಲಿ ದಪ್ಪಗೆ ಅಚ್ಚಾಗಿದೆ, ಇನ್ನೊಂದು ಬದಿ ಖಾಲಿ, ಅದರ ಮೇಲೇ ಇದನ್ನು ಬರೆಯುತ್ತಿದ್ದೇನೆ. ಆ ಹೆಸರನ್ನು ನಾನಂತೂ ಇಲ್ಲಿ ಬರೆಯಲಾರೆ. ಗಂಡನ ಹೆಸರು ಬಾಯಲ್ಲಿ ಆಡಿದರೆ ಅವ್ವ ಐನಾಪುರದಿಂದ ಎದ್ದು ಬಂದು ನನ್ನ ಬೆನ್ನಿಗೆ ಬಾರಿಸುತ್ತಾಳೆ. ಅವಳು ಅಲ್ಲಿ ತನ್ನ ತಂಗಿಯ ಮನೆಯಲ್ಲಿ ಆರಾಮ ಇದ್ದಾಳೆ, ಅದೊಂದು ಚಿಂತೆ ನಿನಗೆ ಬೇಡ.

ನಿನ್ನ ಕಿವಿ ಹೋದ ಮೇಲೆ ನಾನು ನಿನ್ನ ಜೊತೆ ಬರೆದೇ ಮಾತಾಡಿದವಳಲ್ಲವೇ? ಸುಣ್ಣದ ಚೂರು ಹಿಡಿದು ಅಂಗಳದ ಪರಸಿ ಕಲ್ಲಿನ ಮೇಲೆ ನಾನು ಬರೆಯುವುದು, ನೀನು ಓದಿ ಬಾಯಲ್ಲಿ ಉತ್ತರ ಹೇಳುವುದು, ಆಮೇಲೆ ಯಾರಾದರೂ ಬರುವ ಮೊದಲೇ ಅವ್ವ ನೀರು ಸುರಿದು ಒರೆಸುವುದು. ಹೀಗಾಗಿ ನಿನಗೆ ಪತ್ರ ಬರೆಯುವುದು ನನಗೆ ಹೊಸದೇನೂ ಅನಿಸುತ್ತಿಲ್ಲ. ಮಡಿಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ.

ಭಂಕೂರಿನ ಕಲ್ಲಿನ ಖಣಿಯಲ್ಲಿ ನೀನು ನಿನ್ನ ಅಳಿಯನನ್ನು ಮೊದಲು ಕಂಡ ದಿನ ಮನೆಗೆ ಬಂದು ಕೈಕಾಲು ಸಹ ತೊಳೆಯದೆ ಅವ್ವನ ಮುಂದೆ ನಿಂತಿದ್ದೆ. 'ಒಬ್ಬ ಹುಡುಗ ಬಂದಾನ. ಅವನ ಹೆಗಲ ನೋಡಬೇಕು ನೀ. ಕಲ್ಲ ಒಡೀಲಿಕ್ಕಿ ಹುಟ್ಟಿದ ಹೆಗಲಲ್ಲ ಅದು' ಎಂದಿದ್ದೆ. ಅವ್ವ, 'ಸಿಕಂದರಾಬಾದಿನ ಹುಚ್ಚ ಇನ್ನಾ ಬಿಟ್ಟಿಲ್ಲ ನಿಮಗ' ಎಂದಳು. ನೀನು ಹರೆಯದಲ್ಲಿ ಅಲ್ಲಿಯ ಲಷ್ಕರಿನಲ್ಲಿ ನೀರು ಹೊರಲು ಹೋಗಿ, ಗೋರಾ ಸಿಪಾಯಿಗಳ ಗುದ್ದಿಗೆ ಎದುರು ನಿಲ್ಲುವ ಕೆಲಸಕ್ಕೆ ಬಡ್ತಿ ಪಡೆದವನು. ಮೂರು ವರ್ಷ ಗುದ್ದಿಸಿಕೊಂಡು ಗುದ್ದುವುದನ್ನು ಕಲಿತು ಬಂದೆ. ಆ ವಿದ್ಯೆ ಇಟ್ಟುಕೊಂಡು ಖಣಿಯಲ್ಲಿ ಏನು ಮಾಡುವುದು? ಯಾರಿಗಾದರೂ ಕೊಟ್ಟುಬಿಡಬೇಕು ಎಂದು ಕಾಯುತ್ತಿದ್ದೆ ಅನಿಸುತ್ತದೆ.

ಮರಳು ತುಂಬಿದ ಗೋಣಿಚೀಲಕ್ಕೆ ಅವರು ಮೊದಲ ಸಲ ಗುದ್ದಿದಾಗ ನೀನು ಹಣೆ ಹಣೆ ಚಚ್ಚಿಕೊಂಡಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಖಣಿಯ ಮಂದಿಗೆಲ್ಲ ಇರುವ ಚಾಳಿ ಅವರಿಗೂ ಇತ್ತು. ಸುತ್ತಿಗೆ ಕಲ್ಲಿಗೆ ತಾಗುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿ ಮುಖ ಹೊರಳಿಸುವುದು, ಚೂರು ಸಿಡಿದು ಕಣ್ಣಿಗೆ ಬೀಳಬಾರದೆಂದು. ಗುದ್ದುವಾಗಲೂ ಹಾಗೇ ಮಾಡುತ್ತಿದ್ದರು. 'ಕಲ್ಲ ತಿರುಗಿ ಹೊಡಿಯಂಗಿಲ್ಲೋ, ಮನಷ್ಯಾ ಹೊಡೀತಾನ' ಎಂದು ನೀನು ಕೂಗಿದ್ದೇ ಕೂಗಿದ್ದು. ಕಡೆಗೆ ಅವರು ಗುದ್ದುವಾಗಲೆಲ್ಲ ಮುಖಕ್ಕೆ ಜೋಳದ ಕಾಳು ಎರಚಲು ನಿಂತೆ. ಒಂದು ಬೇಸಿಗೆಯಿಡೀ ಎರಚಿದೆ. ಅವ್ವ ನಿನಗೂ ಅವರಿಗೂ ಸೇರಿಸಿ ಬೈಯುತ್ತಾ ಕಾಳು ಆರಿಸುತ್ತಿದ್ದಳು, ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡು ಅವಳ ಜೊತೆ ಆರಿಸುತ್ತಿದ್ದೆ. ಮಳೆಗಾಲ ಬರುವಷ್ಟರಲ್ಲಿ ಅವರು ರೆಪ್ಪೆ ಬಡಿಯುವುದನ್ನು ಬಿಟ್ಟರು. ಅದೇ ವರ್ಷ, ಹೈದರಾಬಾದಿನ ಪೊಲೀಸ್ ಆ್ಯಕ್ಷನ್ ಗಲಾಟೆ ತಣ್ಣಗಾದ ಮೇಲೆ, ನೀನು ನನ್ನನ್ನು ಅವರಿಗೆ ಮದುವೆ ಮಾಡಿ ಕೊಟ್ಟೆ.

ಆಮೇಲಿನದು ಒಂದೂ ನಿನಗೆ ಗೊತ್ತಿಲ್ಲ. ವಾಡಿಯ ಇಂಜಿನ್ ಶೆಡ್ಡಿನಲ್ಲಿ ಫಿಟರ್ ಆಗಿರುವ ಖಾಸಿಂ ಮಾಮು ನೆನಪಿರಬೇಕು, ಅವರ ಕೈಗೆ ಪಟ್ಟಿ ಸುತ್ತುತ್ತಿದ್ದವನು. ಅವನೇ ಇವರನ್ನು ಸೊಲ್ಲಾಪುರಕ್ಕೆ, ಮುಂಬಯಿಗೆ, ಒಮ್ಮೆ ಮದ್ರಾಸಿಗೂ ಕರೆದುಕೊಂಡು ಹೋದ. ಖಣಿಯ ಕೆಲಸ ಬಿಟ್ಟು ವಾಡಿಯಲ್ಲಿ ಮನೆ ಮಾಡಿದೆವು. ಇಪ್ಪತ್ತೆಂಟು ಸಲ ರಿಂಗು ಹತ್ತಿದ್ದಾರೆ, ಹತ್ತೊಂಬತ್ತು ಗೆದ್ದಿದ್ದಾರೆ. ಮೂಗು ಎರಡು ಸಲ ಮುರಿದಿದೆ. ಹೈದರಾಬಾದಿನ ಪತ್ರಿಕೆಯಲ್ಲಿ ಫೋಟೋ ಬಂದಾಗ ಖಾಸಿಂ ಮಾಮು ಅದನ್ನು ಶೆಡ್ಡಿನ ಗೋಡೆಗೆ ಅಂಟಿಸಿದ, ಆದರೆ ಮುರಿದ ಮೂಗಿನಿಂದಾಗಿ ಯಾರೂ ಗುರುತು ಹಿಡಿಯಲಿಲ್ಲ. ನಾನು ನೋಡಿದ್ದು ಒಂದೇ ಒಂದು ಪಂದ್ಯ, ವಾಡಿಯಲ್ಲಿ. ಹಸಿ ಬಟ್ಟೆ ಒಗೆಯುವ ಕಲ್ಲಿಗೆ ಬಿದ್ದ ಹಾಗೆ ಸಪ್ಪಳ ಬರುತ್ತದೆ ಅಪ್ಪಾ, ಅವರ ಮೈಮೇಲೆ ಗುದ್ದು ಬಿದ್ದರೆ. ಎರಡನೇ ಸುತ್ತಿಗೆ ಎದ್ದು ಮನೆಗೆ ಬಂದುಬಿಟ್ಟೆ.

ಐದು ತಿಂಗಳ ಹಿಂದೆ ಸೊಲ್ಲಾಪುರದಿಂದ ಬಂದ ದಿನ ಅವರ ಎಡಗಣ್ಣು ಬಾತು ಮುಚ್ಚಿತ್ತು. ಎದುರಾಳಿಯ ಹೆಬ್ಬೆಟ್ಟು ತೆರೆದ ಕಣ್ಣಿಗೇ ಹೊಕ್ಕಿತ್ತಂತೆ. ತೆರೆದ ಕಣ್ಣಿಗೆ. ನೀನು ಜೋಳ ಎರಚಿ ಎರಚಿ ತೆರೆಸಿದ ಕಣ್ಣಿಗೆ. ಆ ಹಾಳು ಚಾಳಿಯನ್ನು ನೀನು ಬಿಡಿಸದೇ ಇದ್ದಿದ್ದರೆ... ಇರಲಿ, ಈಗ ಅದನ್ನು ಕೇಳಿ ಏನು ಬಂತು? ಬಾವು ಇಳಿಯಿತು. ಕಣ್ಣು ನೋಡಲು ಮೊದಲಿನಂತೆಯೇ ಆಯಿತು. ಆದರೆ ತಾಟಿನ ಎಡಬದಿಗೆ ಬಡಿಸಿದ ಪಲ್ಯ ಹಾಗೇ ಉಳಿಯತೊಡಗಿತು. ತಂಬಿಗೆಯನ್ನು ಎಡಗಡೆ ಇಟ್ಟರೆ ನೀರು ಕೊಡು ಎನ್ನುತ್ತಿದ್ದರು. ನಾನು ಬೇಕಂತಲೇ ಒಂದೊಂದು ದಿನ ಒಂದೊಂದು ಕಡೆ ಇಟ್ಟು ನೋಡಿದೆ. ಗಂಡನನ್ನು ಹೀಗೆ ಪರೀಕ್ಷೆ ಮಾಡುವುದು ಪಾಪ ಅನಿಸುತ್ತಿತ್ತು, ಮಾಡದೆ ಇರಲೂ ಆಗುತ್ತಿರಲಿಲ್ಲ.

'ಕಣ್ಣಿಗಿ ಏನಾಗ್ಯದ್ರಿ?' ಎಂದು ಒಂದು ದಿನ ಕೇಳಿಯೇ ಬಿಟ್ಟೆ.

'ಏನಾಗ್ಯದ? ಧೂಳ ಬಿದ್ದದ' ಎಂದರು. ಐದು ತಿಂಗಳಿನಿಂದ ಅದೇ ಧೂಳು.

ಹೋದ ವಾರ ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಎದುರಿಗೆ ಕೂಡಿಸಿಕೊಂಡರು. 'ನೀ ಡಾಕ್ಟರ್ ಆಗು. ಬೆರಳ ತೋರ್ಸು, ಎಷ್ಟಂತ ನಾ ಹೇಳ್ತೀನಿ' ಎಂದರು. ಆಟ ಎಂದುಕೊಂಡು ಮೂರು ಬೆರಳು ಎತ್ತಿದೆ. ಎಡಗೈಯಿಂದ ಎಡಗಣ್ಣು ಮುಚ್ಚಿಕೊಂಡು ಮೂರು ಎಂದರು. ಇನ್ನೊಂದು ಕಣ್ಣು ಎಂದು ನಾಲ್ಕು ಬೆರಳು ಎತ್ತಿದೆ. ಕೈ ಬದಲಿಸಿದರು. ಬಲಗೈ ಮುಖದ ಮುಂದೆ ಹಾಯ್ದು ಮತ್ತೆ ಅದೇ ಎಡಗಣ್ಣನ್ನೇ ಮುಚ್ಚಿತು. ಎಷ್ಟು ಚುರುಕಾಗಿ ಎಂದರೆ, ಗೊತ್ತಿಲ್ಲದವರಿಗೆ ಬೇರೆ ಕಣ್ಣೇ ಮುಚ್ಚಿದ ಹಾಗೆ. 'ನಾಕು' ಎಂದರು. ಸರಿಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ, 'ಗೊತ್ತಾಗ್ತದೇನು? ಖರೇ ಹೇಳು, ಗೊತ್ತಾಗ್ತದೇನು?' ಎಂದು ಮಗುವಿನ ಹಾಗೆ ಕೇಳಿದರು. ಗೊತ್ತಾಗೂದಿಲ್ಲ ಎಂದೆ. ಆ ವಾರವೆಲ್ಲ ದಿನಾ ಮಧ್ಯಾಹ್ನ ನಾನು ಡಾಕ್ಟರ್ ಆದೆ.

ಭಾನುವಾರದ ಎದುರಾಳಿ ಸಿಕಂದರಾಬಾದಿನವನು, ಬಲಗೈಗೆ ಹೆಸರಾದವನು. ಅವನ ಬಲಗೈ ಬರುವುದು ಇವರ ಎಡಗಣ್ಣಿನ ಕಡೆಯಿಂದ. ಅದು ಖಾಸಿಂ ಮಾಮುವಿಗೂ ಗೊತ್ತು. ಅವನ ಮನೆಗೆ ಹೋಗಿ ಕೇಳಿದರೆ ತಲೆ ತಗ್ಗಿಸಿ ಕೂತ. 'ನನಗೂ ಕಾಣಾಕತ್ತದ ಬೇಟಿ. ಖರೆ ಅವನ ಬಾಯಿಲೇ ಬರ್ಲಿ ಅಂತ ಕುಂತೀನಿ. ರಿಂಗ ಬಿಟ್ರ ಅವ ಏನ ಮಾಡ್ಯಾನು?' ಎಂದ. ಎಲ್ಲರಿಗೂ ಗೊತ್ತು, ಎಲ್ಲರೂ ಸುಮ್ಮನೆ. ಇದನ್ನು ನಾನು ಮೊದಲೂ ನೋಡಿದ್ದೇನಲ್ಲ ಅಪ್ಪಾ?

ನೀನು ಮೊದಲ ಸಲ ಸೀಟಿ ಕೇಳದೆ ಉಳಿದದ್ದು ನಾನು ಬುತ್ತಿ ತಂದ ದಿನವೇ. ಬಂಡೆಗೆ ಮದ್ದು ತುಂಬಿ ಸಿಡಿಸುವ ಮೊದಲು ಮೂರು ಸೀಟಿ ಊದುತ್ತಾರೆ, ಎಲ್ಲರೂ ಓಡಿ ಮರೆಗೆ ಹೋಗುತ್ತಾರೆ. ನೀನು ಮಾತ್ರ ಉಳಿ ಹಿಡಿದು ಕೂತೇ ಇದ್ದೆ. ನಾನು ಓಡಿ ಬಂದು ತೋಳು ಹಿಡಿದು ಎಳೆದೆ. ಆ ಸಂಜೆ ನೀನು ನನ್ನ ಕೈ ಹಿಡಿದು, 'ಯಾರ ಮುಂದೂ ಹೇಳಬ್ಯಾಡವ್ವಾ. ಹೇಳಿದ್ರ ನನಗ ಮನ್ಯಾಗ ಕುಂದರಸ್ತಾರ' ಎಂದೆ. ಅವ್ವನ ಹೊರತು ಯಾರಿಗೂ ನಾನು ಹೇಳಲಿಲ್ಲ. ದಿನಾ ಬುತ್ತಿ ತಂದು ನಿನಗೆ ಕಾಣುವ ಹಾಗೆ ಕಲ್ಲಿನ ರಾಶಿಯ ಮೇಲೆ ಕೂತೆ. ಸೀಟಿ ಆದ ಕೂಡಲೇ ಬುತ್ತಿಯ ಗಂಟನ್ನು ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ನೋಡಿದವರಿಗೆ ಮಗಳು ಮನೆಗೆ ಹೊರಟಳು ಅಷ್ಟೇ. ನೀನು ಎದ್ದು ಓಡುತ್ತಿದ್ದೆ. ಬೇರೆಯವರು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆ, ತಿಳಿಯದಿದ್ದರೆ ಸಿಟ್ಟು ಬಂದವನಂತೆ ಮುಖ ತಿರುಗಿಸುತ್ತಿದ್ದೆ. ಊರು ನಿನ್ನನ್ನು ಸೊಕ್ಕಿನವನು ಎಂದಿತು. ನಿನ್ನ ಅಳಿಯನೂ ಹಾಗೇ ಅಂದುಕೊಂಡಿದ್ದರು. ಗುರು ಎಂದರೆ ಹೇಳುವವನು, ಕೇಳುವವನಲ್ಲ ಎಂದು.

ಮದುವೆಯಾಗಿ ಮೂರು ವಾರಕ್ಕೆ ಸಿಕಂದರಾಬಾದಿನಲ್ಲಿ ಅವರ ಮೊದಲ ದೊಡ್ಡ ಪಂದ್ಯ ಬಂತು. ಪಂದ್ಯ ನೋಡದಿದ್ದರೂ ಸರಿ, ಜೊತೆಗೆ ಬಾ ಎಂದು ಅವರು ಹಟ ಹಿಡಿದರು. ನಾನು ನಿನ್ನ ಮುಖ ನೋಡಿದೆ. ನೀನು, 'ಹೋಗವ್ವಾ, ಎರಡ ದಿನ ನಾ ನೋಡ್ಕೋತೀನಿ' ಎಂದೆ. ಏನು ನೋಡಿಕೊಂಡೆ ಅಪ್ಪಾ? ನಾವು ಗೆದ್ದು ಪೇಢೆ ಹಿಡಿದು ಶಹಾಬಾದಿನಲ್ಲಿ ಇಳಿದರೆ ಖಾಸಿಂ ಮಾಮು ನಿನ್ನ ಸಾವಿನ ಸುದ್ದಿ ಹೊತ್ತು ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದ. ಮೂರು ಸೀಟಿ ಆದರೂ ಮುದುಕ ಏಳಲಿಲ್ಲ, ಹಟಮಾರಿ ಎಂದು ಜನ ಮಾತಾಡಿಕೊಂಡರು. ನಾನು ಆಗಲೂ ಹೇಳಲಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಈ ಬೆಳಿಗ್ಗೆ ವಾಡಿಯಿಂದ ಗಾಡಿ ಬಿಟ್ಟ ಮೇಲೆ, ಡಬ್ಬಿ ತುಂಬ ಮಂದಿ ಇರುವಾಗಲೇ, ಅವರಿಗೆ ಎಲ್ಲವನ್ನೂ ಹೇಳಿದೆ. 'ಮಾವಗ ಕಿವಿ ಕೇಳ್ತಿದ್ದಿಲ್ಲ?' ಎಂದರು. ಇನ್ನೊಮ್ಮೆ ಅದನ್ನೇ ಕೇಳಿದರು. ಆಮೇಲೆ, 'ನೀ ಯಾಕ ಹೇಳ್ಲಿಲ್ಲ?'

'ನೀವ್ ಯಾಕ ಹೇಳವಲ್ರಿ?' ಎಂದೆ.

ಅದಾದ ಮೇಲೆ ಚಿತ್ತಾಪುರ ಬರುವತನಕ ಕಿಟಕಿಯ ಆಚೆ ನೋಡುತ್ತಾ ಕೂತರು. ದವಾಖಾನೆಯ ಮೆಟ್ಟಿಲ ಹತ್ತಿರ ನಾನು, 'ಒಳಗ ನಾ ಬರಂಗಿಲ್ಲ. ಯಾವ ಕಣ್ಣ ಮುಚ್ಚತೀರಿ ನೀವೇ ನೋಡ್ರಿ' ಎಂದೆ. ಅವರು ಮೆಟ್ಟಿಲು ಹತ್ತಿದರು. ಒಳಗೆ ಹೋಗಿ ಎಷ್ಟು ಹೊತ್ತಾಯಿತು! ಅವರಿಗಿಂತ ಮೊದಲು ಹೋದವನು ಬೇಗ ಹೊರಗೆ ಬಂದನಲ್ಲ? ಚೀಟಿ ಹಿಡಿದು ನಗುತ್ತಾ ಬಂದರೆ ನಾನೇನು ಮಾಡಲಿ? ಎದ್ದು ಒಳಗೆ ಹೋಗಿ ಡಾಕ್ಟರರಿಗೆ ಹೇಳುವುದೆಂದು ಗಟ್ಟಿ ಮಾಡಿಕೊಂಡು ಬಂದಿದ್ದೇನೆ. ಆದರೆ ಹೇಳಿದವಳ ಮುಖವನ್ನು ಅವರು ಮುಂದೆ ನೋಡುತ್ತಾರಾ? ಮನೆಯಲ್ಲಿ ಕೂತ ಬಾಕ್ಸರನಿಗೆ ನಾನು ದಿನಾ ಯಾವ ಮುಖ ಹೊತ್ತು ಬಡಿಸಲಿ? ಮತ್ತೆ ಬಾಯಿ ಬಿಡದೆ ಕೂತುಬಿಟ್ಟರೆ, ನೀನು ಹೋದಾಗಿನ ಹಾಗೆ... ಬಾಗಿಲ ಚಿಲಕ ಸದ್ದಾಯಿತು.

ಈಗ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮುಗಿಸುತ್ತಿದ್ದೇನೆ. ಬಾಗಿಲು ತೆರೆದು ಬಂದಾಗ ಅವರ ಕೈಯಲ್ಲಿ ಏನೂ ಇರಲಿಲ್ಲ. ನನ್ನ ಪಕ್ಕದಲ್ಲಿ ಕೂತು, ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಸಣ್ಣ ದನಿಯಲ್ಲಿ ಹೇಳಿದರು: 'ಬಲಗಣ್ಣ ಮುಚ್ಚಿದೆ. ಎಷ್ಟ ಬೆರಳ ಅಂತ ಡಾಕ್ಟರ್ ಕೇಳಿದ್ರು. ಬೆರಳ ತೋರ್ಸಾಕತ್ತೀರೇನ್ರಿ ಅಂತ ನಾ ಕೇಳಿದೆ.'

ಡಾಕ್ಟರರು ಕೈ ಕೆಳಗಿಳಿಸಿ, ಬ್ಯಾಟರಿ ತರಿಸಿ ಬಹಳ ಹೊತ್ತು ನೋಡಿದರಂತೆ. ಎಡಗಣ್ಣು ಬರುವ ಭರವಸೆ ಇಲ್ಲ. ಬಲಗಣ್ಣು ಈಗ ಚೆನ್ನಾಗಿದೆ, ಅದನ್ನಾದರೂ ಉಳಿಸಿಕೊಳ್ಳಬೇಕು ಎಂದರೆ ಇನ್ನು ಒಂದು ಪೆಟ್ಟೂ ಬೀಳಬಾರದು. ಹೈದರಾಬಾದಿನ ಕಣ್ಣಿನ ದವಾಖಾನೆಗೆ ಹೋಗಿ ತೋರಿಸಲು ಹೇಳಿದ್ದಾರೆ. ಮುಂದಿನ ವಾರ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ನನ್ನನ್ನು ಕೇಳಿದರೆ ಎಲ್ಲವನ್ನೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಇದು ನಿನಗೆ ಕೊಡುವ ಮಾತು.

ಭಾನುವಾರ ನಿನ್ನ ಅಳಿಯ ರಿಂಗು ಹತ್ತುವುದಿಲ್ಲ, ಇನ್ನೆಂದೂ ಹತ್ತುವುದಿಲ್ಲ. ಖಾಸಿಂ ಮಾಮುವಿಗೆ ಏನು ಹೇಳುವುದು, ನಾಳೆಯಿಂದ ಎಲ್ಲಿ ಕೆಲಸಕ್ಕೆ ಹೋಗುವುದು ಎಂದು ಅವರು ಈಗ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಬ್ಬರೇ ನಿಂತು ಯೋಚಿಸುತ್ತಿದ್ದಾರೆ. ನನಗೂ ಗೊತ್ತಿಲ್ಲ, ಹೆದರಿಕೆ ಹೋಗಿಲ್ಲ. ಆದರೆ ನೀನು ಹೇಳಲಾರದೇ ಹೋದದ್ದನ್ನು ಅವರು ಹೇಳಿಬಿಟ್ಟರು ಅಪ್ಪಾ. ವಾಡಿ ಕಡೆಯ ಗಾಡಿ ಬರುತ್ತಿದೆ, ಅವರ ಎಡಗಡೆಯಿಂದ. ಹೋಗಿ ಆ ಬದಿಗೆ ನಿಲ್ಲುತ್ತೇನೆ.

ನಿನ್ನ ಮಗಳು
ನೀಲಾ