ಉದ್ದಣ್ಣನ ಲೋಟ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ನಿನ್ನ ಮಂಡಿನೋವು ಹೇಗಿದೆ? ನಿನ್ನ ಎರಡು ಪತ್ರಗಳೂ ಉತ್ತರವಿಲ್ಲದೆ ದಿಂಬಿನ ಕೆಳಗೇ ಉಳಿದವು. ಬೈದುಕೋ, ಮುನಿಸಿಕೊಳ್ಳಬೇಡ. ಪೆನ್ನು ಹಿಡಿದರೆ ಬರೀ ಬೈಗುಳ ಬರುತ್ತಿತ್ತು. ಈಗಲೂ ಅಷ್ಟೇ, ಸಹಿಸಿಕೋ.

ನನ್ನ ಮಗಳು, ನೀನು 'ಯಾಕಮ್ಮ' ಎಂದು ಹೆಸರಿಟ್ಟವಳು, ಈ ವರ್ಷ ಶಿಶುವಿಹಾರದಲ್ಲಿ ನಾನು ಕಲಿಸುವ ತರಗತಿಯಲ್ಲೇ ಇದ್ದಾಳಲ್ಲ, ಒಂದು ದಿನ ಎಲ್ಲರೆದುರು ಕೇಳಿದಳು: "ಗಿಡಕ್ಕೆ ಕತ್ತಲಂದ್ರೆ ಭಯಾನಾ?" ಉತ್ತರ ಹೇಳಲು ನನ್ನ ಬಾಯಿ ತುರಿಸಿತು. ತಡೆದುಕೊಂಡು, "ನೋಡೇಬಿಡೋಣ" ಎಂದೆ. ಮಕ್ಕಳು ಒದ್ದೆ ಹತ್ತಿಯಲ್ಲಿ ಬೀನ್ಸ್ ಬೀಜ ಇಟ್ಟು ಒಂದು ಲೋಟವನ್ನು ಕಿಟಕಿಗೆ, ಒಂದನ್ನು ಬೀರುವಿನೊಳಗೆ ಸೇರಿಸಿದರು. ದಿನಾ ಬೆಳಿಗ್ಗೆ ಉಲ್ಲನ್ ದಾರದಲ್ಲಿ ಅಳೆಯುವುದು, ಕತ್ತರಿಸಿ ಗೋಡೆಗೆ ಅಂಟಿಸುವುದು, ಜಗಳ. ಬೀರುವಿನ ಗಿಡವೇ ಉದ್ದಕ್ಕೆ ಬೆಳೆಯಿತು, ಬೆಳ್ಳಗೆ, ಸೊಟ್ಟಗೆ. ಅದಕ್ಕೆ 'ಉದ್ದಣ್ಣ' ಎಂದು ನಾಮಕರಣವೂ ಆಯಿತು. "ಭಯ ಅಲ್ಲ, ಬೆಳಕು ಹುಡುಕ್ಕೊಂಡು ಹೊರಟಿದಾನೆ" ಎಂದಳು ಯಾಕಮ್ಮ. ನನಗೆ ಎತ್ತಿ ಕುಣಿಸುವಷ್ಟು ಖುಷಿ.

ಪಾಲಕರು ಮಕ್ಕಳ ಕೆಲಸ ನೋಡಲು ಬರುವ ದಿನದ ಹಿಂದಿನ ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ಹೆಡ್ ಮಿಸ್ ಬೀರು ತೆಗೆದರು. "ಇದೇನ್ರೀ? 'ಬೆಳಕಿಲ್ಲದೆ ಗಿಡ ಬೆಳೆಯದು' ಅಂತ ಚಾರ್ಟ್ ಮಾಡಿಸಿದೀನಿ. ಇದು ಕಂಬದ ಹಾಗೆ ನಿಂತಿದೆ! ನಮ್ಮ ಮರ್ಯಾದೆ ಏನಾಗ್ಬೇಕು?" ಎಂದವರೇ ಉದ್ದಣ್ಣನನ್ನು ಕಿತ್ತು, ಪೆನ್ಸಿಲ್ ಹೆರೆದ ಸಿಪ್ಪೆಯ ಜೊತೆ ಕಸದಬುಟ್ಟಿಗೆ ಹಾಕಿದರು. ಅದೇ ಲೋಟದಲ್ಲಿ ಎಲ್ಲಿಂದಲೋ ತಂದ ಒಣಕಲು ಮೊಳಕೆ ನೆಟ್ಟು, ಬೆರಳು ಒರೆಸಿಕೊಂಡು, ಕಾಫಿ ಕುಡಿದರು. ಥೂ! ಅದೇ ಕೈಯಲ್ಲಿ.

ಮರುದಿನ ಪಾಲಕರ ಮುಂದೆ ಯಾಕಮ್ಮ ಲೋಟ ನೋಡಿದ್ದೇ ಕೂಗಿದಳು: "ಇವನು ಉದ್ದಣ್ಣ ಅಲ್ಲ! ದಾರ ನೋಡಿ, ಇಷ್ಟುದ್ದ ಇದ್ದ!" ಹೆಡ್ ಮಿಸ್ ನಕ್ಕರು: "ಈ ಮಗೂಗೆ ಕತೆ ಕಟ್ಟೋದಂದ್ರೆ ಪ್ರಾಣ." ಗೋಡೆಯ ಮೇಲೆ ಅಷ್ಟು ದಾರ ನೇತಾಡುತ್ತಿದ್ದರೂ ಯಾರೂ ಅತ್ತ ತಿರುಗಲಿಲ್ಲ. ಚಾರ್ಟ್ ನೋಡಿ ಚಪ್ಪಾಳೆ ತಟ್ಟಿದರು. ಪುಟಾಣಿಗಳ ಕಣ್ಣಿಗೆ ಮಣ್ಣೆರಚಿ ಚಪ್ಪಾಳೆ ಗಿಟ್ಟಿಸುವ ಹೇಸಿಗೆ ಬಾಳು, ಅಕ್ಕ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ನೂರು ಪ್ರಶ್ನೆ ಕೇಳುತ್ತಾ ನೂರು ವರ್ಷ ಬಾಳಲಿ.

ನಿನ್ನ
ತಂಗಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಅವತ್ತು 'ಕತೆ ಕಟ್ಟೋದು' ಎಂದು ನಕ್ಕ ಹೆಡ್ ಮಿಸ್ ನನ್ನತ್ತ ತಿರುಗಿ "ಅಲ್ವಾ ಮಿಸ್?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಮಗಳು ನೋಡುತ್ತಿದ್ದಳು. ಇವತ್ತು ಸ್ನಾನದ ಬಕೆಟ್ಟಿನ ಮೇಲೆ ಸೋಪಿನ ಡಬ್ಬಿ ಹಿಡಿದು, ಅವಳನ್ನು "ಮುಳುಗುತ್ತಾ, ತೇಲುತ್ತಾ?" ಎಂದು ಕೇಳಿದೆ. ಬಕೆಟ್ಟಿನ ಕಡೆ ಅವಳು ನೋಡಲೇ ಇಲ್ಲ. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ಏನಂತ ಹೇಳ್ಲಿ, ಅಮ್ಮಾ?"